ದಗಲೆಯ ಬೆನ್ನಿಗೆ ಐಲೆಟ್: ತೂತು ಮಾಡೋ ಮೊದಲು ಇದನ್ನ ಕೇಳಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಇವತ್ತಿನ ವಿಷಯ ಬೆರಳಿನ ಉಗುರಿಗಿಂತ ಸಣ್ಣದು: ಐಲೆಟ್. ಶೂ ಲೇಸ್ ತೂರಿಸೋ ತೂತಿನ ಸುತ್ತ ಒಂದು ಲೋಹದ ಬಳೆ ಇರತ್ತಲ್ಲ, ಅದು. ಜಾತ್ರೆ ಸಮಯದಲ್ಲಿ ಕಟ್ಟೋ ಫ್ಲೆಕ್ಸ್ ಬ್ಯಾನರ್‌ನ ಮೂಲೆಯಲ್ಲೂ ಅದೇ ಇರೋದು. ಅಂಗಡಿಯಲ್ಲಿ ಕೆಲವರು ರಿಂಗು ಅಂತಾರೆ, ಕೆಲವರು ಕಣ್ಣು ಅಂತಾರೆ. ಏನಂದರೂ ಸಿಗತ್ತೆ.

ಇದನ್ನ ಯಾಕೆ ಆರಿಸಿಕೊಂಡೆ ಅಂದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನ ಅನ್ನೋದು ನೋಡೋ ಕಲೆ ಮಾತ್ರ ಅಲ್ಲ, ಮಾಡೋ ಕಲೆ. ಶಾಲೆಯಲ್ಲಿ ಮಕ್ಕಳ ತಂಡ, ಊರಲ್ಲಿ ಹವ್ಯಾಸಿ ತಂಡ, ಹೆಣ್ಣುಮಕ್ಕಳ ತಂಡ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ ಯಕ್ಷಗಾನ ಕಲಿಸಿದವರು. 2020ರಲ್ಲಿ ತೀರಿಕೊಂಡರು. ಅವರ ಹತ್ತಿರ ಕಲಿತವರು, ಆ ಕಲಿತವರ ಹತ್ತಿರ ಕಲಿತವರು ಇವತ್ತಿಗೂ ಗೆಜ್ಜೆ ಕಟ್ತಾರೆ. ಇಷ್ಟೆಲ್ಲ ತಂಡ ಇದ್ದಾಗ ವೇಷಭೂಷಣವೂ ಬೇಕಲ್ಲ. ಬಾಡಿಗೆಗೆ ತರೋದು ಒಂದು ದಾರಿ. ಇನ್ನೊಂದು ದಾರಿ ಅಂದರೆ ಕಿರೀಟ, ಎದೆಕಟ್ಟು, ಭುಜಕೀರ್ತಿ ಇಂಥವನ್ನ ಬಾಡಿಗೆಗೆ ತಂದು, ಬಟ್ಟೆಯದ್ದನ್ನ ಮನೆಯಲ್ಲೇ ಹೊಲಿಯೋದು. ಈ ಎರಡನೇ ದಾರಿ ಹಿಡಿದವರು ಆನ್‌ಲೈನಿನಲ್ಲಿ ಐಲೆಟ್ ಕಿಟ್ ನೋಡ್ತಾರೆ. ಒಂದು ಡಬ್ಬಿ ತುಂಬ ಹೊಳೆಯೋ ಬಳೆ, ಒಂದು ಪಂಚು, ಒಂದು ಅಚ್ಚು. ವಿಡಿಯೋದಲ್ಲಿ ಸುತ್ತಿಗೆಯಿಂದ ಒಂದೇ ಏಟು, ಕೆಲಸ ಮುಗೀತು.

ವಿಡಿಯೋ ಸುಳ್ಳು ಅಂತ ನಾನು ಹೇಳಲ್ಲ. ಅದು ಅಲ್ಲಿಗೆ ನಿಲ್ಲತ್ತೆ, ಅಷ್ಟೇ. ಆ ಅಂಗಿ ಹಾಕಿಕೊಂಡು ಒಬ್ಬ ಹುಡುಗ ಒಂದೂವರೆ ಗಂಟೆ ಕುಣಿದ ಮೇಲೆ ಬೆನ್ನು ಹೇಗಿತ್ತು ಅಂತ ತೋರಿಸಲ್ಲ.

ಮೊದಲು ನಮ್ಮ ಅಂಗಳಕ್ಕೇ ಹೋಗೋಣ. ಅಡಿಕೆ ಒಣಗಿಸೋ ತಾಡಪತ್ರಿ ಇದೆಯಲ್ಲ, ಟಾರ್ಪಾಲು, ಅದರ ಅಂಚಲ್ಲಿ ಐಲೆಟ್ ಇರತ್ತೆ. ಎರಡು ಮೂರು ಸೀಸನ್ ಗಾಳಿ ಕಂಡ ತಾಡಪತ್ರಿ ತೆಗೆದು ನೋಡಿ. ಎಲ್ಲಿ ಹರಿದಿದೆ? ಲೋಹದ ಬಳೆ ತುಂಡಾಗಿರೋದು ತೀರಾ ಅಪರೂಪ. ಬಳೆ ಗಟ್ಟಿಯಾಗೇ ಇರತ್ತೆ, ಅದರ ಸುತ್ತಲ ಪ್ಲಾಸ್ಟಿಕ್ ಹರಿದು ಬಳೆ ಕಿತ್ತು ಬಂದು ಹಗ್ಗದಲ್ಲಿ ನೇತಾಡ್ತಾ ಇರತ್ತೆ. ಈಗ ಹರಿಯದೇ ಉಳಿದ ಜಾಗ ನೋಡಿ. ಅಲ್ಲಿ ಅಂಚನ್ನ ಮಡಚಿ, ಒಳಗೆ ಒಂದು ಹುರಿ ಇಟ್ಟು, ಎರಡು ಪದರ ಮಾಡಿ, ಆಮೇಲೆ ಬಳೆ ಹೊಡೆದಿರ್ತಾರೆ.

ಐಲೆಟ್ ಅಂದರೆ ಇಷ್ಟೇ. ಅದು ಬಟ್ಟೆಗೆ ಬಲ ಕೊಡಲ್ಲ. ದಾರ ಹೋಗಿ ಬಂದು ಬಟ್ಟೆಯ ತೂತನ್ನ ಗರಗಸದ ಹಾಗೆ ಕೊಯ್ಯೋದನ್ನ ತಪ್ಪಿಸತ್ತೆ, ಎಳೆತವನ್ನ ತೂತಿನ ಸುತ್ತಳತೆಗೆ ಹಂಚತ್ತೆ. ಎಳೆತ ತಡೆಯೋದು ಮಾತ್ರ ಬಟ್ಟೆಯೇ. ಬಟ್ಟೆ ತಡೆಯಲ್ಲ ಅಂದರೆ ಎಷ್ಟು ದುಡ್ಡು ಕೊಟ್ಟ ಐಲೆಟ್ ಆದರೂ ಒಂದೇ.

ಇನ್ನು ದಗಲೆ. ಯಕ್ಷಗಾನ ನೋಡಿ ಗೊತ್ತಿಲ್ಲದವರಿಗೆ ಒಂದು ಮಾತು: ವೇಷದ ಒಳಗೆ, ಎದೆಕಟ್ಟು, ತೋಳುಕಟ್ಟುಗಳ ಕೆಳಗೆ ಹಾಕೋ ತುಂಬು ತೋಳಿನ ಅಂಗಿ ಅದು. ಕೆಂಪು, ಹಸಿರು, ಕಪ್ಪು, ಪಾತ್ರಕ್ಕೆ ತಕ್ಕ ಬಣ್ಣ. ಎದೆಯ ಮೇಲೆ ಆಭರಣ ಕೂರಬೇಕಾದ್ದರಿಂದ ಮುಂದೆ ಗುಂಡಿ ಇಟ್ಟರೆ ಆಗಲ್ಲ, ಹಿಂದಿನಿಂದ ಕಟ್ಟಬೇಕು. ಚೌಕಿಯಲ್ಲಿ ವೇಷಧಾರಿ ಬೆನ್ನು ಕೊಟ್ಟು ನಿಲ್ತಾನೆ, ಇನ್ನೊಬ್ಬರು ಲಾಡಿ ಕಟ್ತಾರೆ. ಅಂಗಿ ತೊಟ್ಟವನಿಗೆ ತನ್ನ ಬೆನ್ನು ಕಾಣಲ್ಲ, ಅಲ್ಲಿ ಏನಾಗ್ತಿದೆ ಅಂತ ರಂಗದ ಮೇಲೆ ಗೊತ್ತಾಗೋದೂ ಇಲ್ಲ.

ಹಳೇ ಪದ್ಧತಿಯಲ್ಲಿ ಲಾಡಿಯೇ ಸಾಕು. ಹಾಗಿದ್ದರೆ ಐಲೆಟ್ ಯಾಕೆ? ನನ್ನ ಲೆಕ್ಕದಲ್ಲಿ ಅದಕ್ಕೆ ಒಂದೇ ಒಂದು ಗಟ್ಟಿ ಕಾರಣ ಇದೆ: ಅಳತೆ. ತಂಡಕ್ಕೆ ಒಂದೇ ದಗಲೆ, ಈ ವರ್ಷ ಎಂಟನೇ ಕ್ಲಾಸಿನ ಹುಡುಗಿ ಹಾಕ್ತಾಳೆ, ಮುಂದಿನ ವರ್ಷ ಅವಳೇ ಮೂರು ಇಂಚು ಬೆಳೆದಿರ್ತಾಳೆ, ಅದರ ಮುಂದಿನ ವರ್ಷ ಅವಳ ಮಾವ ಹಾಕ್ತಾನೆ. ಎರಡು ಬದಿಗೂ ಸಾಲಾಗಿ ಐಲೆಟ್ ಇಟ್ಟು ನಡುವೆ ದಾರ ಹೆಣೆದರೆ, ಬೆನ್ನಿನ ಸೀಳು ಒಂದು ಇಂಚಿಂದ ನಾಲ್ಕು ಇಂಚಿನವರೆಗೆ ಅಗಲ ಆಗಬಹುದು, ಕಿರಿದಾಗಬಹುದು. ಒಂದೇ ಅಂಗಿ ಮೂರು ಮೈಗೆ ಕೂರತ್ತೆ. ಇದು ಲಾಡಿಯಿಂದ ಇಷ್ಟು ಚೆನ್ನಾಗಿ ಆಗಲ್ಲ. ಆರು ಜೊತೆ ಲಾಡಿಯಲ್ಲಿ ಒಂದು ಬಿಗಿ, ಇನ್ನೊಂದು ಸಡಿಲ. ಹೆಣಿಗೆ ದಾರ ಮಾತ್ರ ತಾನೇ ಜಾರಿ ಎಲ್ಲ ಕಡೆ ಎಳೆತವನ್ನ ಸಮ ಮಾಡಿಕೊಳ್ಳತ್ತೆ.

ಲಾಡಿಯ ಪರವಾಗಿಯೂ ಒಂದು ಮಾತಿದೆ, ಅದನ್ನ ಮರೀಬಾರದು. ಆರು ಲಾಡಿಯಲ್ಲಿ ಒಂದು ಹರಿದರೆ ಇನ್ನೂ ಐದು ಉಳೀತು. ಹೆಣಿಗೆ ದಾರ ಒಂದೇ ಕಡೆ ತುಂಡಾದರೆ ಬೆನ್ನು ಪೂರ್ತಿ ಬಿಚ್ಚಿಕೊಳ್ಳತ್ತೆ. ಅದಕ್ಕೇ ಐಲೆಟ್ ಹಾಕೋರು ಕುತ್ತಿಗೆ ಹತ್ತಿರ ಒಂದು, ಸೊಂಟದ ಹತ್ತಿರ ಒಂದು ಜೊತೆ ಲಾಡಿಯನ್ನ ಹಾಗೇ ಬಿಡಿ. ಅಭಿಮನ್ಯುವೋ ಬಭ್ರುವಾಹನನೋ ಮಂಡಿ ತಿರುಗೋ ಹೊತ್ತಿಗೆ ದಾರ ಹೋದರೂ ಆ ಪದ್ಯ ಮುಗಿಯೋ ತನಕ ಅಂಗಿ ನಿಲ್ಲತ್ತೆ.

ಈಗ ಬಟ್ಟೆ. ದಗಲೆಗೆ ಜನ ಆರಿಸೋದು ಹೊಳಪಿನ ಸ್ಯಾಟಿನ್ ಅಥವಾ ಮಖಮಲ್ಲು. ರಂಗದ ಬೆಳಕಿಗೆ ಚಂದ. ಐಲೆಟ್‌ಗೆ ಎರಡೂ ಕಷ್ಟ. ಸ್ಯಾಟಿನ್‌ನ ಎಳೆ ನುಣುಪು, ಒಂದರ ಮೇಲೊಂದು ಜಾರತ್ತೆ, ತೂತು ಮಾಡಿದರೆ ಎಳೆ ಬಿಚ್ಚಿಕೊಳ್ತಾ ಹೋಗತ್ತೆ. ಮಖಮಲ್ಲಿನ ದಪ್ಪ ಅಂದರೆ ಬರೀ ರೋಮದ ದಪ್ಪ. ಐಲೆಟ್ ಹೊಡೆದಾಗ ಗಟ್ಟಿ ಹಿಡಿದ ಹಾಗೆ ಕಾಣತ್ತೆ, ನಾಲ್ಕು ದಿನಕ್ಕೆ ರೋಮ ಅಮುಕಿಕೊಂಡು ಬಳೆ ಗಿರಗಿರ ತಿರುಗೋಕೆ ಶುರು. ಬಳೆ ತಿರುಗ್ತಿದೆ ಅಂದರೆ ಅದು ಬಿಡ್ತಿದೆ ಅಂತ ಅರ್ಥ.

ಹಾಗಾಗಿ ಐಲೆಟ್ ಕೂರಬೇಕಾದ್ದು ಹೊರಗಿನ ಬಟ್ಟೆಯ ಮೇಲೆ ಅಲ್ಲ, ಒಳಗಿನ ಪಟ್ಟಿಯ ಮೇಲೆ. ಸೀಳಿನ ಎರಡೂ ಬದಿಗೆ, ಮೇಲಿಂದ ಕೆಳಗಿನ ತನಕ, ಒಂದೂವರೆ ಇಂಚು ಅಗಲದ ಪಟ್ಟಿ ಕೊಡಿ. ಪಟ್ಟಿಗೆ ಹಳೇ ಜೀನ್ಸ್ ಪ್ಯಾಂಟ್ ಬಹಳ ಒಳ್ಳೇದು. ಒತ್ತಾಗಿ ನೇಯ್ದ ಹತ್ತಿ, ಆಗಲೇ ಹತ್ತಾರು ಸಲ ತೊಳೆದಿರೋದರಿಂದ ಇನ್ನು ಕುಗ್ಗಲ್ಲ. ಚೀಲ ಹೊಲಿಯೋ ಹತ್ತಿಯ ಕ್ಯಾನ್ವಾಸ್ ಕೂಡ ಆಗತ್ತೆ. ಟೇಲರ್ ಅಂಗಡಿಯಲ್ಲಿ ಕಾಲರಿಗೆ ಹಾಕೋ ಬಕ್ರಂ ಬೇಡ. ಗಂಜಿಯಿಂದ ಗಟ್ಟಿಯಾದ ಬಕ್ರಂ ಬೆವರು ತಾಗಿದ ಕೂಡಲೇ ಮೆತ್ತಗಾಗತ್ತೆ, ವೇಷ ಕಟ್ಟಿದವರ ಬೆನ್ನು ಎಷ್ಟು ಒದ್ದೆ ಆಗತ್ತೆ ಅಂತ ಹೇಳಬೇಕಾಗಿಲ್ಲ. ಹೊರಬಟ್ಟೆ, ಜೀನ್ಸ್ ಪಟ್ಟಿ, ಒಳಗಿನ ಹತ್ತಿ ಅಸ್ತರಿ, ಹೀಗೆ ಮೂರು ಪದರ ಸೇರಿಸಿ, ತೂತು ಮಾಡೋ ಮೊದಲೇ ಪಟ್ಟಿಯ ಎರಡೂ ಅಂಚಿಗೆ ಮಶೀನ್ ಹೊಲಿಗೆ ಹಾಕಿ. ತೂತಾದ ಮೇಲೆ ಹೊಲಿದರೆ ಪದರ ಒಂದಕ್ಕೊಂದು ಜರುಗಿರತ್ತೆ. ಪಟ್ಟಿಯನ್ನ ಓರೆಯಾಗಿ ಕತ್ತರಿಸಬೇಡಿ. ಬಟ್ಟೆಯ ಉದ್ದದ ಎಳೆ ಪಟ್ಟಿಯ ಉದ್ದಕ್ಕೇ ಬರಲಿ, ಇಲ್ಲಾಂದರೆ ಎಳೆದ ಹಾಗೆ ಅದು ಹಿಗ್ಗತ್ತೆ.

ಇನ್ನೊಂದು ಕೆಲಸ ಇದೆ, ಬಹಳ ಜನ ಬಿಟ್ಟುಬಿಡ್ತಾರೆ. ದಾರ ಬಿಗಿ ಮಾಡಿದಾಗ ಬಟ್ಟೆ ಪ್ರತಿ ಐಲೆಟ್ ಹತ್ತಿರ ಎಳೆದುಕೊಂಡು, ನಡುವೆ ಸುಕ್ಕಾಗಿ, ಅಂಚು ಅಲೆ ಅಲೆ ಆಗತ್ತೆ. ಆಗ ಎಳೆತ ಎಲ್ಲ ಎರಡು ಮೂರು ಐಲೆಟ್ ಮೇಲೇ ಬೀಳೋದು. ತಡೆಯೋದಕ್ಕೆ ಸೀಳಿನ ತುದಿ ಮತ್ತು ಐಲೆಟ್ ಸಾಲಿನ ನಡುವೆ ಒಂದು ಸಣ್ಣ ಕೊಳವೆ ಹೊಲಿದು, ಅದರಲ್ಲಿ ಬಳುಕೋ ಕಡ್ಡಿ ತೂರಿಸಬೇಕು. ಯುರೋಪಿನ ಹಳೇ ಹೆಂಗಸರ ಉಡುಪುಗಳಲ್ಲಿ ಇದಕ್ಕೆ ತಿಮಿಂಗಿಲದ ಬಾಯಲ್ಲಿರೋ ಗಟ್ಟಿ ಪಟ್ಟಿ ಹಾಕ್ತಿದ್ದರು, ಬೆತ್ತವನ್ನೂ ಹಾಕ್ತಿದ್ದರು. ನಮ್ಮಲ್ಲಿ ಬೆತ್ತ ಸಿಗೋದೇನೋ ಸಿಗತ್ತೆ, ಆದರೆ ಮಡಚಿ ಪೆಟ್ಟಿಗೆಗೆ ತುಂಬಿದರೆ ಸಣ್ಣ ಸೀಳು ಮುರಿದು ಚುಚ್ಚತ್ತೆ. ಎಲೆಕ್ಟ್ರಿಕ್ ಅಂಗಡಿಯ ದಪ್ಪ ಕೇಬಲ್ ಟೈ ತಂದು, ತಲೆ ಕತ್ತರಿಸಿ, ತುದಿ ಉಜ್ಜಿ ದುಂಡಗೆ ಮಾಡಿ ಹಾಕಿ. ಪ್ರಪಂಚದ ಎಲ್ಲಾ ಕಡೆ ವೇಷ ಹೊಲಿಯೋ ಹುಡುಗ ಹುಡುಗಿಯರು, ಕಾಮಿಕ್ ಪಾತ್ರದ ಉಡುಪು ಮಾಡೋರೂ, ಇದನ್ನೇ ಮಾಡ್ತಾರೆ.

ಗುರುತು ಹಾಕೋದು. ಸೀಳಿನ ಅಂಚಿಂದ ಐಲೆಟ್‌ನ ನಡುವಿನ ತನಕ ಮುಕ್ಕಾಲು ಇಂಚು ಇರಲಿ, ಕಡ್ಡಿಯ ಜಾಗವೂ ಸೇರಿ. ಒಂದರಿಂದ ಇನ್ನೊಂದಕ್ಕೆ ಒಂದು ಇಂಚು. ಬೆನ್ನಿನ ಸೀಳು 16 ಇಂಚು ಇದ್ದರೆ ಬದಿಗೆ ಹದಿನೈದು ಹದಿನಾರು ಬೀಳತ್ತೆ, ಒಟ್ಟು ಮೂವತ್ತರ ಆಸುಪಾಸು. ದೊಡ್ಡ ಐಲೆಟ್ ಹತ್ತು ಹಾಕಿ ಮುಗಿಸೋಣ ಅನ್ನೋ ಆಸೆ ಬರತ್ತೆ. ಬೇಡ. ಸಣ್ಣದು ಹೆಚ್ಚು ಇದ್ದಷ್ಟೂ ಒಂದೊಂದರ ಮೇಲಿನ ಭಾರ ಕಡಿಮೆ. ಒಳಗಿನ ತೂತು 5 ಮಿ.ಮೀ. ಇರೋದು ಸಾಕು. ಡಬ್ಬಿ ಮೇಲಿನ ನಂಬರ್ ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಸ್ಕೇಲ್ ಇಟ್ಟು ಮಿಲಿಮೀಟರ್ ನೋಡಿ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲೋ ಜಾಗ: ತೂತು.

ಕಿಟ್ ಜೊತೆ ಬರೋ ಪಂಚು ಬಟ್ಟೆಯನ್ನ ದುಂಡಗೆ ಕತ್ತರಿಸಿ ತೆಗೆಯತ್ತೆ. ಒಂದು ಸಣ್ಣ ಲೆಕ್ಕ ಮಾಡೋಣ. ಇಂಚಿಗೆ 50 ಎಳೆ ಇರೋ ಬಟ್ಟೆ ಅಂದುಕೊಳ್ಳಿ. ಒಂದು ಇಂಚು ಅಂದರೆ 25 ಮಿಲಿಮೀಟರ್ ಚಿಲ್ಲರೆ, ಅಂದರೆ ಮಿಲಿಮೀಟರಿಗೆ ಎರಡು ಎಳೆ. 5 ಮಿ.ಮೀ. ತೂತು ಹೊಡೆದರೆ ಹಾಸಿನಲ್ಲಿ ಹತ್ತು ಎಳೆ, ಹೊಕ್ಕಿನಲ್ಲಿ ಹತ್ತು ಎಳೆ ಕಡಿದು ಹೋಯಿತು. ದಾರದ ಎಳೆತ ತಡೀಬೇಕಾಗಿದ್ದ ಎಳೆಗಳೇ ಅವು! ಹೀಗೆ ಒಂದು ಬೆನ್ನಿಗೆ ಮೂವತ್ತು ಸಲ.

ಅದರ ಬದಲು ದಬ್ಬಣ ತಗೊಳ್ಳಿ. ಅಡಿಕೆ ಚೀಲ ಹೊಲಿಯೋದು ಮನೆಯಲ್ಲೇ ಇರತ್ತೆ. ಮೊನೆಯನ್ನ ಎಳೆಗಳ ನಡುವೆ ತೂರಿಸಿ, ನಿಧಾನಕ್ಕೆ ತಿರುಗಿಸ್ತಾ ತೂತು ದೊಡ್ಡದು ಮಾಡಿ. ದಬ್ಬಣದ ದಪ್ಪ ಮುಗಿದ ಮೇಲೆ ಚೂಪು ಮಾಡಿದ ಪೆನ್ಸಿಲ್ಲು, ಆಮೇಲೆ ಪೆನ್ನಿನ ಹಿಂಭಾಗ. ಎಳೆಗಳು ಕಡಿಯಲ್ಲ, ಪಕ್ಕಕ್ಕೆ ಸರಿದು ತೂತಿನ ಸುತ್ತ ಒತ್ತೊತ್ತಾಗಿ ಕೂರ್ತವೆ. ಜಾತ್ರೆಯಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ನಿಂತ ಹಾಗೆ, ಸುತ್ತಲಿನವರೇ ನಿಮ್ಮನ್ನ ಒತ್ತಿ ಹಿಡಿದಿರ್ತಾರೆ. ಐಲೆಟ್‌ನ ಕೊಳವೆಯನ್ನ ಅದರೊಳಗೆ ಬೆರಳಿಂದ ಒತ್ತಿ, ಕಷ್ಟಪಟ್ಟು ತಿರುಪಿ ತೂರಿಸಬೇಕು. ಸಲೀಸಾಗಿ ಒಳಗೆ ಹೋಯಿತು ಅಂದರೆ ತೂತು ದೊಡ್ಡದಾಗಿದೆ ಅಂತ ಲೆಕ್ಕ.

ಮೂರು ಪದರ, ಅದರಲ್ಲೂ ಜೀನ್ಸ್, ದಬ್ಬಣಕ್ಕೆ ಪೂರ್ತಿ ಜಗ್ಗಲ್ಲ ಅನ್ನೋದು ನಿಜ. ಆಗ ಪಂಚನ್ನೂ ಸ್ವಲ್ಪ ಬಳಸಿ: 5 ಮಿ.ಮೀ. ಐಲೆಟ್‌ಗೆ 2 ಮಿ.ಮೀ. ಪಂಚಿನಿಂದ ಸಣ್ಣ ತೂತು, ಉಳಿದದ್ದನ್ನ ದಬ್ಬಣದಿಂದ ಅಗಲ ಮಾಡೋದು. ಪಾಲಿಯೆಸ್ಟರ್ ಸ್ಯಾಟಿನ್ ಆದರೆ ಊದಿನಕಡ್ಡಿಯ ಕೆಂಡದಿಂದ ತೂತು ಸುಡೋದು ಒಂದು ರೂಢಿ. ಎಳೆ ಬಿಚ್ಚದೇ ಇರೋದಕ್ಕೆ ಅದು ಸಹಾಯವೇ, ಆದರೆ ಕರಗಿದ ಅಂಚು ಗಾಜಿನ ಹಾಗೆ ಗಟ್ಟಿಯಾಗಿ ಬಿರುಕು ಬಿಡತ್ತೆ, ತೂತೂ ನಿಮ್ಮ ಹಿಡಿತಕ್ಕೆ ಸಿಗದೆ ಬೆಳೆಯತ್ತೆ. ನಾನು ಅದರ ಪರ ಇಲ್ಲ. ತೂತಿನ ಸುತ್ತ ಬಟ್ಟೆಯ ಅಂಟು ಒಂದು ಹನಿ ಸವರಿ ಒಣಗೋಕೆ ಬಿಟ್ಟರೆ ಸಾಕು.

ಐಲೆಟ್ ಆರಿಸುವಾಗ ಎರಡು ತುಂಡಿನದನ್ನ ತಗೊಳ್ಳಿ: ಕೊಳವೆ ಇರೋ ಬಳೆ ಒಂದು, ಹಿಂದಿನಿಂದ ಹಾಕೋ ವಾಷರ್ ಇನ್ನೊಂದು. ಒಂದೇ ತುಂಡಿನದು ಅಗ್ಗ, ಆದರೆ ಅದರ ಕೊಳವೆ ಹಿಂದೆ ನಕ್ಷತ್ರದ ಹಾಗೆ ಸೀಳಿ ಹರಡಿಕೊಳ್ಳತ್ತೆ. ಆ ಸೀಳಿನ ತುದಿ ಬಟ್ಟೆಯನ್ನೂ ಕೊಯ್ಯತ್ತೆ, ಬೆನ್ನನ್ನೂ ಗೀರತ್ತೆ. ವಾಷರ್ ಇದ್ದರೆ ಕೊಳವೆ ಅದರ ಮೇಲೆ ದುಂಡಗೆ ಸುರುಳಿಯಾಗಿ ಕೂರತ್ತೆ, ಬಟ್ಟೆ ಎರಡು ಲೋಹದ ನಡುವೆ ಸಿಕ್ಕಿಕೊಳ್ಳತ್ತೆ.

ಕೊಳವೆಯ ಉದ್ದವೂ ಮುಖ್ಯ. ಬಟ್ಟೆ ಮತ್ತು ವಾಷರ್ ದಾಟಿ ಅದು ಒಂದೂವರೆಯಿಂದ ಎರಡು ಮಿ.ಮೀ. ಹೊರಗೆ ಕಾಣಬೇಕು. ಅದಕ್ಕಿಂತ ಕಡಿಮೆ ಆದರೆ ಸುರುಳಿಯಾಗೋಕೆ ಲೋಹವೇ ಇಲ್ಲ. ಜಾಸ್ತಿ ಆದರೆ ಮುದುಡಿ ಒಂದು ಪಕ್ಕಕ್ಕೆ ಬಾಗತ್ತೆ. ತೆಳು ಕಾಗದ ಮತ್ತು ಬ್ಯಾಗಿನ ಕೆಲಸಕ್ಕೆ ಮಾಡಿದ ಕಿಟ್‌ಗಳಲ್ಲಿ ಕೊಳವೆ ಗಿಡ್ಡ ಇರತ್ತೆ, ಮೂರು ಪದರದ ಬಟ್ಟೆಗೆ ಸಾಲಲ್ಲ. ಕೊಳ್ಳೋ ಮೊದಲು ನಿಮ್ಮ ಪಟ್ಟಿಯ ಒಂದು ತುಂಡನ್ನ ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ತೂರಿಸಿ ನೋಡಿ. ಆನ್‌ಲೈನಿನಲ್ಲಿ ತರಿಸೋದರ ದೊಡ್ಡ ತೊಂದರೆ ಇದೇ.

ಹೊಡೆಯೋದು ಸುಲಭ, ಅದಕ್ಕೇ ಅವಸರ ಆಗತ್ತೆ. ಟೇಬಲ್ ಮೇಲೆ ಬೇಡ, ಅದು ಪುಟಿಯತ್ತೆ, ಏಟಿನ ಅರ್ಧ ಬಲ ಅಲ್ಲೇ ಹೋಗತ್ತೆ. ಮೆಟ್ಟಿಲಿನ ಕಲ್ಲು, ದಪ್ಪ ಮರದ ಕೊರಡು ಒಳ್ಳೇದು. ಕೆಳಗಿನ ಅಚ್ಚಿನಲ್ಲಿ ಬಳೆಯ ಮುಖ ಕೂರಿಸಿ, ಬಟ್ಟೆ, ಅದರ ಮೇಲೆ ವಾಷರ್, ಮೇಲಿನ ಅಚ್ಚನ್ನ ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಮೂರು ನಾಲ್ಕು ಹದವಾದ ಏಟು. ಪ್ರತಿ ಏಟಿಗೂ ಅಚ್ಚನ್ನ ಕಾಲು ಸುತ್ತು ತಿರುಗಿಸಿ. ಒಂದೇ ಜೋರು ಏಟು ಹೊಡೆದರೆ ಕೊಳವೆ ಒಂದು ಕಡೆ ಮಡಚಿ ಇನ್ನೊಂದು ಕಡೆ ಸೀಳತ್ತೆ. ಸಾಕು ಅಂತ ಹೇಗೆ ಗೊತ್ತಾಗೋದು? ಬೆರಳಿಂದ ಹಿಡಿದು ತಿರುಗಿಸಿ. ಬಟ್ಟೆ ಬಿಟ್ಟು ಬಳೆ ತಿರುಗಬಾರದು. ಹಿಂದಿನ ಸುರುಳಿಯ ಮೇಲೆ ಒಂದು ಹತ್ತಿ ಚೂರನ್ನ ಎಳೆಯಿರಿ, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಸೀಳಿದೆ. ಮೊದಲ ಐದಾರನ್ನ ಚೂರು ಬಟ್ಟೆಯ ಮೇಲೆ ಹೊಡೆದು, ಕೈ ಕುದುರಿದ ಮೇಲೆ ದಗಲೆ ಮುಟ್ಟಿ. ಕಣ್ಣಿಗೆ ಕನ್ನಡಕ ಇರಲಿ, ಲೋಹದ ಚೂರು ಸಿಡಿಯೋದು ಉಂಟು.

ಲೋಹ ಯಾವುದು ಅನ್ನೋದು ಬೇರೆ ಊರಲ್ಲಿ ಅಷ್ಟು ಮುಖ್ಯ ಅಲ್ಲದಿರಬಹುದು, ನಮ್ಮಲ್ಲಿ ಮುಖ್ಯ. ಆಟದ ಸೀಸನ್ ಮುಗಿದ ಮೇಲೆ ವೇಷ ಪೆಟ್ಟಿಗೆ ಸೇರತ್ತೆ, ಹೊರಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಮಳೆ. ಬೆವರಿನ ಉಪ್ಪು ಬಟ್ಟೆಯಲ್ಲಿ, ತೇವ ಗಾಳಿಯಲ್ಲಿ. ಹಿತ್ತಾಳೆ ಬಣ್ಣ ಬಳಿದ ಕಬ್ಬಿಣದ ಐಲೆಟ್ ಅಷ್ಟರಲ್ಲಿ ತುಕ್ಕು ಹಿಡಿದು, ಕೆಂಪು ದಗಲೆಗೆ ಕಂದು ಉಂಗುರ ಬಿಡತ್ತೆ. ತುಕ್ಕಿನ ಕಲೆ ಸುಲಭಕ್ಕೆ ಹೋಗಲ್ಲ, ತುಕ್ಕು ತಾಗಿದ ಹತ್ತಿ ಎಳೆಯೂ ಪುಡಿಯಾಗತ್ತೆ. ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ: ಇಯರ್‌ಬಡ್ ಡಬ್ಬಿಯ ಮುಚ್ಚಳ ಅಯಸ್ಕಾಂತದಿಂದ ಮುಚ್ಚಿಕೊಳ್ಳತ್ತಲ್ಲ, ಅದರ ಹತ್ತಿರ ಐಲೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣ, ಬೇಡ. ಅಲ್ಯೂಮಿನಿಯಂ ಅಂಟಲ್ಲ, ತುಕ್ಕೂ ಹಿಡಿಯಲ್ಲ, ಆದರೆ ಬೆರಳಲ್ಲಿ ಒತ್ತಿದರೆ ಬಾಗೋವಷ್ಟು ಮೆತ್ತಗೆ. ನಿಜವಾದ ಹಿತ್ತಾಳೆ ಒಳ್ಳೇದು. ಅದಕ್ಕೆ ಬೆವರಿಗೆ ಹಸಿರು ಕಿಲುಬು ಬರತ್ತೆ, ಸೀಸನ್‌ಗೆ ಒಮ್ಮೆ ಒರೆಸಿದರೆ ಹೋಗತ್ತೆ. ಬೆಳ್ಳಿ ಬಣ್ಣದವು ಸಾಮಾನ್ಯವಾಗಿ ನಿಕ್ಕಲ್ ಲೇಪದವು, ಕೆಲವರ ಚರ್ಮಕ್ಕೆ ನಿಕ್ಕಲ್ ಆಗಲ್ಲ, ತುರಿಕೆ ಬರತ್ತೆ. ಯಾವ ಲೋಹವಾದರೂ ಸೀಳಿನ ಒಳಗೆ ಅಡ್ಡ ಒಂದು ಹತ್ತಿ ಪಟ್ಟಿ ಹೊಲಿದು ಬಿಡಿ. ಲೋಹ, ದಾರ ಎರಡೂ ಮೈಗೆ ತಾಗಲ್ಲ, ಸೀಳು ಅಗಲ ಆದಾಗ ಬೆನ್ನೂ ಕಾಣಲ್ಲ. ಪೆಟ್ಟಿಗೆಗೆ ಹಾಕೋ ಮೊದಲು ಹೆಣೆದ ದಾರ ಬಿಚ್ಚಿ, ದಗಲೆಯನ್ನ ಒಳಮೇಲು ಮಾಡಿ, ಗಾಳಿಗೆ ಒಣಗಿಸಿ.

ಐಲೆಟ್ ಎಲ್ಲಿ ಹಾಕಲೇಬಾರದು ಅನ್ನೋದನ್ನೂ ಹೇಳ್ತೀನಿ. ಶಿರಸಿಯವರಿಗೆ ಬೇಡರ ವೇಷ ಗೊತ್ತೇ ಇದೆ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿಗಳಲ್ಲಿ. ಬೆನ್ನಿಗೆ ನವಿಲುಗರಿಯ ಭಾರ, ಕೈಯಲ್ಲಿ ಕತ್ತಿ ಗುರಾಣಿ, ಬೇಡ ಮುನ್ನುಗ್ಗುವಾಗ ಹಿಂದಿನಿಂದ ಹಗ್ಗ ಹಿಡಿದವರು ತಡೆದು ಎಳೀತಾರೆ. ಅದು ನಟನೆಯ ಎಳೆತ ಅಲ್ಲ, ಒಬ್ಬ ಆಳಿನ ಪೂರ್ತಿ ಭಾರ ಆ ಹಗ್ಗದಲ್ಲಿರತ್ತೆ. ಇಂಥ ವೇಷವನ್ನ ಮಕ್ಕಳಿಗೆ ಸಣ್ಣದಾಗಿ ಹೊಲಿಯೋರು ಅಂಗಿಯ ಬೆನ್ನಿಗೆ ಎರಡು ಐಲೆಟ್ ಹೊಡೆದು ಹಗ್ಗ ಕಟ್ಟೋಣ ಅಂದುಕೊಂಡರೆ, ದಯವಿಟ್ಟು ಬೇಡ. ಐಲೆಟ್ ಇರೋದು ಹತ್ತಾರು ಕಡೆ ಹಂಚಿದ ಸಣ್ಣ ಎಳೆತಕ್ಕೆ. ಒಂದು ಜರ್ಕಿಗೆ ಬಟ್ಟೆ ಕಿತ್ತು ಬಂದರೆ ಮುಂದಕ್ಕೆ ಬಾಗಿದ್ದ ಹುಡುಗ ಮುಖ ಅಡಿಯಾಗಿ ಬೀಳ್ತಾನೆ, ಕೈಯಲ್ಲಿ ಕತ್ತಿ ಬೇರೆ. ಹಗ್ಗದ ಭಾರ ಅಂಗಿಗೆ ಬರಲೇಬಾರದು. ಸೊಂಟಕ್ಕೂ ಹೆಗಲಿಗೂ ಸುತ್ತು ಬರೋ ಹಾಗೆ ಶಾಲೆ ಚೀಲದ ಪಟ್ಟಿಯಂಥ ಅಗಲದ ಪಟ್ಟಿ ಕಟ್ಟಿ, ಹಗ್ಗವನ್ನ ಅದಕ್ಕೆ ಗಂಟು ಹಾಕಿ. ಅಂಗಿಯಲ್ಲಿ ಹಗ್ಗ ಹೊರಗೆ ಬರೋದಕ್ಕೆ ಒಂದು ದಾರಿ ಇದ್ದರೆ ಸಾಕು.

ಎದೆಕಟ್ಟಿಗೂ ಇದೇ ಮಾತು. ಮರದ ತುಣುಕು, ಬೇಗಡೆ, ಮಣಿ ಕೂರಿಸಿದ್ದು ತೂಕ ಇರತ್ತೆ, ಅದರ ದಾರ ನೇರ ಮೈಗೆ ಸುತ್ತು ಬರಲಿ. ದಗಲೆಯ ಐಲೆಟ್‌ಗೆ ಸಿಕ್ಕಿಸಬೇಡಿ.

ಲೋಹದ ಐಲೆಟ್ ಬಟ್ಟೆಗೆ ಬಂದು ಇನ್ನೂರು ವರ್ಷ ಆಯಿತು, 1820ರ ದಶಕದಲ್ಲಿ ಯುರೋಪಿನಲ್ಲಿ. ಅದಕ್ಕೂ ಮೊದಲು ಎಲ್ಲ ಕಡೆ ನೂಲಿನ ಕಣ್ಣೇ. ದಬ್ಬಣದಿಂದ ತೂತು, ಸುತ್ತ ಕಾಜದ ಹೊಲಿಗೆ. ಲೋಹ ಬಂದ ಮೇಲೆ ಅಲ್ಲಿನ ಹೆಂಗಸರ ಕಾರ್ಸೆಟ್‌ಗಳ ದಾರವನ್ನ ಮೊದಲಿಗಿಂತ ಬಿಗಿಯಾಗಿ ಎಳೆಯೋದಕ್ಕೆ ಆಯಿತು. ನೂಲಿನ ಕಣ್ಣು ಅಷ್ಟು ತಡೀತಿರಲಿಲ್ಲ.

ಆದರೂ ನೂಲಿನ ಕಣ್ಣು ಕಲಿತಿರಿ, ಯಾಕೆಂದರೆ ಕಿತ್ತುಬಂದ ಐಲೆಟ್‌ಗೆ ಮದ್ದು ಅದೇ. ಸಡಿಲವಾದ ಬಳೆಯನ್ನ ಎಳೆದು ಕೀಳಬೇಡಿ, ತೂತು ಇನ್ನೂ ಹರಿಯತ್ತೆ. ಹಿಂದಿನ ಸುರುಳಿಯನ್ನ ಕಟಿಂಗ್ ಪ್ಲೇಯರ್‌ನಿಂದ ಎರಡು ಮೂರು ಕಡೆ ಕತ್ತರಿಸಿ, ಬಿಡಿಸಿ ತೆಗೆಯಿರಿ. ಹಿಂದೆ ಒಂದೂವರೆ ಇಂಚಿನ ಜೀನ್ಸ್ ತುಂಡು ಇಟ್ಟು ಹೊಲಿಯಿರಿ. ತೂತಿನ ಸುತ್ತ ದುಂಡಗೆ ಒಂದು ಸುತ್ತು ಸಾದಾ ಹೊಲಿಗೆ. ದಬ್ಬಣದಿಂದ ಹೊಸ ತುಂಡಲ್ಲಿ ತೂತು ಮಾಡಿ, ಮೇಣ ಉಜ್ಜಿದ ದಪ್ಪ ಹತ್ತಿ ದಾರವನ್ನ ತೂತಿನೊಳಗಿಂದ ಹೊರಗೆ, ಹೊರಗಿಂದ ಒಳಗೆ ಒತ್ತೊತ್ತಾಗಿ ಸುತ್ತುತ್ತಾ ಬನ್ನಿ, ಪ್ರತಿ ಐದಾರು ಸುತ್ತಿಗೊಮ್ಮೆ ದಬ್ಬಣ ತೂರಿಸಿ ತೂತನ್ನ ಮತ್ತೆ ದುಂಡಗೆ ಮಾಡಿ. ಬಲ ಇನ್ನೂ ಬೇಕು ಅಂದರೆ ಒಂದು ಸಣ್ಣ ಹಿತ್ತಾಳೆ ಉಂಗುರವನ್ನ ತೂತಿನ ಮೇಲಿಟ್ಟು, ಅದು ಕಾಣದ ಹಾಗೆ ಅದರ ಮೇಲೇ ದಾರ ಸುತ್ತಿ. ಎಳೆ ಕಡಿಯಲ್ಲ, ತುಕ್ಕು ತಾಗಲ್ಲ, ಹಾಳಾದರೆ ಆ ಒಂದನ್ನೇ ಬಿಚ್ಚಿ ಮತ್ತೆ ಹೊಲಿಯಬಹುದು. ಒಂದಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯತ್ತೆ. ಇಡೀ ಬೆನ್ನಿಗೆ ಅಂದರೆ ಮೂವತ್ತು ಕಣ್ಣು, ಒಂದು ವಾರದ ಸಂಜೆಗಳು. ಪುರುಸೊತ್ತು ಇದ್ದರೆ ಹೊಸ ದಗಲೆಗೂ ನಾನು ಇದನ್ನೇ ಆರಿಸ್ತೀನಿ, ಇಲ್ಲದಿದ್ದರೆ ಹಿತ್ತಾಳೆ ಐಲೆಟ್.

ಹೊಲಿದಾಯಿತು ಅಂದರೆ ಆಟದ ದಿನದ ತನಕ ಕಾಯಬೇಡಿ. ಅಂಗಿ ತೊಡಿಸಿ, ದಾರ ಹೆಣೆದು, ಎರಡೂ ಕೈ ಮುಂದಕ್ಕೆ ಚಾಚಿಸಿ, ಹೆಗಲ ಮೂಳೆಗಳ ನಡುವಿನ ನಾಲ್ಕು ಐಲೆಟ್ ನೋಡಿ. ಎಳೆತ ಜಾಸ್ತಿ ಬೀಳೋದು ಅಲ್ಲಿಯೇ. ಆಮೇಲೆ ಅರ್ಧ ಗಂಟೆ ಕುಣಿಸಿ, ಬಿಚ್ಚಿ, ಒಂದೊಂದನ್ನೂ ಬೆರಳಿಂದ ತಿರುಗಿಸಿ ನೋಡಿ. ತಿರುಗಿದ್ದಕ್ಕೆ ಚಾಕ್‌ನಿಂದ ಗುರುತು ಹಾಕಿ, ಅವತ್ತೇ ತೆಗೆದು ನೂಲಿನ ಕಣ್ಣು ಮಾಡಿಬಿಡಿ.

ನಿಮ್ಮ ತಂಡದ ದಗಲೆಯ ಬೆನ್ನು ಹೇಗಿದೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಕೇದಗೆ ಮುಂದಲೆ ಕಟ್ಟೋ ಬಟ್ಟೆಯ ಬಗ್ಗೆ ಮಾತಾಡೋಣ.